ಝರಿ ಕ್ರಾಸಿನಲ್ಲಿ ಇಳಿದವರು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಬದುಕಿದ ಕಲ್ಲಿನಾಥನಿಗೆ ನಡೆಯುವುದೆಂದರೆ ಅಷ್ಟಕ್ಕಷ್ಟೇ. ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಐದು ತಿಂಗಳಾಗಿತ್ತು. ಶುಗರ್ ಬಂದಿದೆ, ದಿನಾ ಒಂದು ತಾಸು ನಡೆಯಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದನೇನೋ ನಿಜ. ಆದರೆ ಆ ಬೂಟುಗಳಿಗೆ ಗೊತ್ತಿದ್ದ ದಾರಿ ಒಂದೇ, ಬಸವಕಲ್ಯಾಣದ ಬಸ್‌ಸ್ಟ್ಯಾಂಡು. ಅಲ್ಲಿ ಹಳೆಯ ಸಂಗಾತಿಗಳ ಜೊತೆ ಎರಡು ಕಪ್ ಚಹಾ, ಯಾವ ಗಾಡಿ ಎಷ್ಟು ಲೇಟು ಎಂಬ ವಿಚಾರಣೆ, ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲೆ ನಾಲ್ಕು ಟೀಕೆ. ಅಷ್ಟರಲ್ಲಿ ಒಂದು ತಾಸು ಮುಗಿದಿರುತ್ತಿತ್ತು. ಚಹಾಕ್ಕೆ ಸಕ್ಕರೆ ಹಾಕಬೇಡ ಎಂದು ಹೇಳುವುದು ಅವನಿಗೆ ನೆನಪಾಗುತ್ತಿದ್ದುದು ಕುಡಿದು ಮುಗಿಸಿದ ಮೇಲೆ.

ಹೆಂಡತಿ ಭೀಮಬಾಯಿಗೆ ಇದೆಲ್ಲ ಗೊತ್ತಾಗದೆ ಇರುತ್ತದೆಯೇ? ದಸರೆ ಕಳೆದ ಒಂದು ಶುಕ್ರವಾರ ಸಂಜೆ ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರದಿಂದ ಕಣ್ಣೆತ್ತದೆ ಅಂದಳು:

“ಐತವಾರ ನೀವು ಖಾಲಿನೇ ಇರ್ತೀರಲ್ಲ? ನಡೀರಿ, ಝರಿ ಗುಡ್ಡಕ್ಕ ಹೋಗಿ ಬರಮು. ನಿಮ್ಮ ಬೂಟಿಗೂ ಒಮ್ಮಿ ಮಣ್ಣ ಹತ್ತಲಿ.”

ಕಲ್ಲಿನಾಥ ಓದುತ್ತಿದ್ದ ಪೇಪರು ಕೆಳಗಿಟ್ಟ.

“ಝರಿ ಗುಡ್ಡಕ್ಕಾ? ಅಲ್ಲಿ ಏನದ ಈಗ?”

“ನೀರ ಇಲ್ಲಂದ್ರ ಇಲ್ಲ. ಗುಡ್ಡ ಅಂತೂ ಎಲ್ಲಿಗೂ ಓಡಿ ಹೋಗಿಲ್ಲಲ್ಲ. ಸೀತಾಫಲ ಹಣ್ಣ ಆಗಿರ್ತಾವ. ಬಸ್ಸಿನ್ಯಾಗ ಹೋಗಮು, ಹತ್ತಮು, ಇಳೀಮು, ಸಂಜೀಕ ಮನಿ.”

ಇಷ್ಟು ಹೇಳಿ ಅವಳು ಮೊರವನ್ನು ಎರಡು ಸಲ ಕೇರಿ ಎದ್ದು ಹೋದಳು. ಕಲ್ಲಿನಾಥ ಮಾತ್ರ ಕೂತಲ್ಲೇ ಕೂತ. ಒಂದು ಗುಡ್ಡ ಹತ್ತಲು ಗಂಡಸು ಇಷ್ಟು ಹೆದರಬೇಕೇ ಎಂದು ಯಾರಾದರೂ ಕೇಳಬಹುದು. ಅವನು ಹೆದರಿದ್ದು ಗುಡ್ಡಕ್ಕಲ್ಲ, ಅದರ ಮೇಲಿದ್ದ ನೀರಿಗೆ. ಆ ನೀರು ಬತ್ತಿಹೋಗಿದೆ ಎಂದು ಇಪ್ಪತ್ತೆರಡು ವರ್ಷದ ಹಿಂದೆ ಹೆಂಡತಿಗೆ ಹೇಳಿದವನು ಅವನೇ. ಅದು ಶುದ್ಧ ಸುಳ್ಳಾಗಿತ್ತು.

ಭೀಮಬಾಯಿ ಚಿಟಗುಪ್ಪ ಕಡೆಯ ಕೊಡಂಬಲದವಳು. ತಂದೆ ಪಂಡರಿಗೆ ಇನ್ನೂರು ಕುರಿಗಳ ಹಿಂಡು ಇತ್ತು. ಮಳೆಗಾಲ ಮುಗಿದು ಊರ ಹೊಲಗಳಲ್ಲಿ ಬೆಳೆ ನಿಂತಾಗ ಕುರಿಗಳಿಗೆ ಜಾಗ ಸಾಲದು. ಆಗ ಇಡೀ ಮನೆ ಹಿಂಡಿನ ಜೊತೆ ನಡೆದು, ರಾಜೇಶ್ವರ ಮತ್ತು ಹುಮನಾಬಾದದ ನಡುವೆ ಇರುವ ಝರಿ ಗುಡ್ಡಕ್ಕೆ ಬಂದು ಒಂದೂವರೆ ತಿಂಗಳು ಇಳಿದುಕೊಳ್ಳುತ್ತಿತ್ತು. ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ ಕೆಂಪು ಮುರುಮು ಕಲ್ಲಿನ ಬಿರುಕಿನಿಂದ ಬೆರಳು ಗಾತ್ರದ ನೀರು ಬೀಳುತ್ತಿತ್ತು. ಪಕ್ಕದಲ್ಲಿ ಒಂದು ಅತ್ತಿ ಮರ. ಬಂದ ದಿನ ಮನೆಯವರೆಲ್ಲ ಸಾಲಾಗಿ ಆ ನೀರು ಕುಡಿಯಬೇಕು. ಆಮೇಲೆ ಪಂಡರಿ ಹೆಗಲ ಮೇಲಿನ ಕಂಬಳಿಯ ಅಂಚಿನಿಂದ ಎಳೆ ಕಿತ್ತು ಅತ್ತಿಯ ಟೊಂಗೆಗೆ ಕಟ್ಟುತ್ತಿದ್ದ. ಎಷ್ಟು ಬಾಯಿ ಕುಡಿದವೋ ಅಷ್ಟು ಎಳೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. “ಯಾರ್ಯಾರು ಬಂದೀವಿ ಅಂತ ನೀರಿಗಿ ಗೊತ್ತಿರಬೇಕು” ಅನ್ನುತ್ತಿದ್ದ. ಹಾಗಾದರೆ ಕುರಿಗಳದ್ದು ಎಂದು ಪುಟ್ಟ ಭೀಮಾ ಕೇಳಿದರೆ, ಅವುಗಳ ಉಣ್ಣೆ ಬಾರಿಯ ಮುಳ್ಳುಕಂಟಿಗೆ ತಾನಾಗಿ ಹತ್ತಿಕೊಳ್ಳುತ್ತದೆ, ನಾವು ಕಟ್ಟುವುದು ಬೇಡ ಅನ್ನುತ್ತಿದ್ದ.

ಮುಂದೆ ಕುರಿಗಳು ಮಾರಾಟವಾದವು. ಅಣ್ಣಂದಿರು ಉದಗೀರ ಕಡೆ ಹೋದರು. ಪಂಡರಿ ತೀರಿಕೊಂಡ. ಭೀಮಬಾಯಿಯ ಪಾಲಿಗೆ ಅವನ ಕರಿ ಕಂಬಳಿ ಬಂತು, ಅದರ ಜೊತೆ ಒಂದೇ ಒಂದು ಆಸೆ ಉಳಿಯಿತು. ವರ್ಷಕ್ಕೊಮ್ಮೆ ಆ ನೀರಿಗೆ ಹೋಗಿ ಒಂದು ಎಳೆ ಕಟ್ಟಿ ಬರಬೇಕು.

ಅವಳ ಗಂಡನ ಡ್ಯೂಟಿ ನೋಡಿದರೆ ಹುಮನಾಬಾದ–ಬಸವಕಲ್ಯಾಣ ಲೈನಿನದು. ಝರಿ ಕ್ರಾಸಿನಲ್ಲಿ ದಿನಕ್ಕೆ ನಾಲ್ಕು ಸಲ ಬಸ್ಸು ನಿಲ್ಲಿಸುವವನು, ತನ್ನ ಹೆಂಡತಿಯನ್ನು ಒಂದು ಸಲ ಅಲ್ಲಿ ಇಳಿಸಲಾರನೇ? ದಸರೆ ದೀಪಾವಳಿಯ ನಡುವೆ ಅವಳು ಕೇಳುವಳು, ಹಬ್ಬದ ರಶ್ಶಿನಲ್ಲಿ ರಜೆ ಎಲ್ಲಿಯದು, ಮುಂದಿನ ವರ್ಷ ನೋಡಮು ಎಂದು ಇವನು ಹೇಳುವನು. ಹೀಗೆ ಒಂಬತ್ತು ವರ್ಷ ನಡೆಯಿತು. ಹತ್ತನೇ ವರ್ಷ ಹೇಗೋ ರಜೆ ಸಿಕ್ಕಿತು. ಅದರ ಹಿಂದಿನ ದಿನವೇ, ಹೈದರಾಬಾದ್ ಎಕ್ಸ್‌ಪ್ರೆಸ್ಸಿಗೆ ಹೋಗಬೇಕಾದ ಕಂಡಕ್ಟರನಿಗೆ ಜ್ವರ ಬಂದು, “ನೀನು ಹೋಗ್ತಿಯೇನು?” ಎಂದು ಯಾರೋ ಕಲ್ಲಿನಾಥನನ್ನು ಕೇಳಿದರು. ಹಳ್ಳಿ ರೂಟಿನಲ್ಲಿ ಕೋಳಿ ಬುಟ್ಟಿ, ಹಾಲಿನ ಕ್ಯಾನುಗಳ ನಡುವೆ ಜೋತಾಡಿದವನಿಗೆ ಎಕ್ಸ್‌ಪ್ರೆಸ್ ಎಂದರೆ ದೊಡ್ಡ ಗೌರವ. ಹೂಂ ಅಂದುಬಿಟ್ಟ.

ಸಂಜೆ ಮನೆಗೆ ಬಂದು ನೋಡುತ್ತಾನೆ, ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದೆ. ಶೇಂಗಾ ಹಿಂಡಿಯ ವಾಸನೆ ಮನೆ ತುಂಬಿದೆ. ಬಿಸಿಲಿಗೆ ಹಾಕಿ ತೆಗೆದ ಕಂಬಳಿ ಮಡಚಿಟ್ಟಿದೆ. ಎಂಟು ವರ್ಷದ ಮಗಳು ಸೋನಾಲಿ ನಾಳೆಯ ರಿಬ್ಬನ್ನನ್ನು ಇವತ್ತೇ ಕಟ್ಟಿಕೊಂಡು ಕುಣಿಯುತ್ತಿದ್ದಾಳೆ. ನಾನು ಡ್ಯೂಟಿ ಬದಲಿಸಿಕೊಂಡೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಂದದ್ದು ಬೇರೆ ಮಾತು.

“ಝರಿ ಬತ್ತಿ ಹೋಗ್ಯಾದಂತ. ಪ್ಯಾಸೆಂಜರ್ ಒಬ್ಬ ಹೇಳಿದ. ಲಾರಿಯವರು ಮುರುಮು ತೆಗೆದು ತೆಗೆದು ಮುಚ್ಚೇ ಬಿಟ್ಟಾರಂತ.”

“ಅತ್ತಿ ಗಿಡ?” ಎಂದು ಕೇಳಿದಳು.

“ಅದೂ ಹೋಗ್ಯಾದಂತ.”

ಒಂದೇ ಉಸಿರಿನಲ್ಲಿ ನೀರೂ ಬತ್ತಿಸಿದ, ಮರವನ್ನೂ ಕಡಿದ. ಅವಳು ಅಳಲಿಲ್ಲ, ಜಗಳಾಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಮೈಮೇಲಿನ ಬಟ್ಟೆ ಸಮೇತ ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರುವಿಕೊಂಡಳು. ಬೇರೆ ಊರಲ್ಲಿ ರಕ್ತಸಂಬಂಧಿಕರು ಸತ್ತ ಸುದ್ದಿ ಬಂದಾಗ ಮನೆಯಲ್ಲಿ ಮಾಡುವ ಸ್ನಾನ ಅದು. ಒದ್ದೆ ಕೂದಲಿನಿಂದ ನೀರು ಸುರಿಸುತ್ತ ಹೊರಗೆ ಬಂದಳು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ಎಕ್ಸ್‌ಪ್ರೆಸ್ಸಿನಲ್ಲಿ ಹೈದರಾಬಾದಿಗೆ ಹೋಗಿ ಬಂದ. ಆ ಊರಲ್ಲಿ ಏನು ನೋಡಿದನೆಂದು ಇವತ್ತಿಗೂ ಅವನಿಗೆ ನೆನಪಿಲ್ಲ.

ಆಮೇಲೆ ಅವಳು ಝರಿಯ ಮಾತು ಎತ್ತಲಿಲ್ಲ. ಕಂಬಳಿ ಟ್ರಂಕು ಸೇರಿತು. ಕಲ್ಲಿನಾಥ ಮಾತ್ರ ದಿನಾ ಅದೇ ಕ್ರಾಸಿನಲ್ಲಿ ಗುಡ್ಡಕ್ಕೆ ಬೆನ್ನು ಮಾಡಿ ನಿಂತು “ಝರಿ ಕ್ರಾಸ್ ಇಳೀರಿ” ಎಂದು ಕೂಗಿದ. ಮೇಲಿನಿಂದ ಇಳಿದು ಬಂದ ಕುರಿಯವರು ತಣ್ಣನೆ ಬಾಟಲಿ ಮುಂದೆ ಮಾಡಿ, “ಕುಡೀರಿ ಸಾಹೇಬ್ರ, ಸಕ್ರಿ ಅದ ಸಕ್ರಿ” ಅನ್ನುತ್ತಿದ್ದರು. ಅವನು ಒಂದು ದಿನವೂ ಬಾಯಿಗೆ ಹಾಕಲಿಲ್ಲ. ಕೊನೆಯ ಮೂರು ವರ್ಷ ಅವನನ್ನು ಬೀದರ ಲೈನಿಗೆ ಹಾಕಿದಾಗ, ಸದ್ಯ ಆ ಕ್ರಾಸು ತಪ್ಪಿತಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟಿದ್ದ. ಈಗ ನೋಡಿದರೆ ಹೆಂಡತಿಯೇ ಕೈಹಿಡಿದು ಅಲ್ಲಿಗೆ ಎಳೆಯುತ್ತಿದ್ದಾಳೆ.

ಶನಿವಾರ ಭೀಮಬಾಯಿ ಟ್ರಂಕಿನಿಂದ ಕಂಬಳಿ ತೆಗೆದು ಕೊಡವಿದಳು. ಒಂದು ಬದಿಯ ಅಂಚಿನಲ್ಲಿ ಎಳೆಗಳೇ ಇರಲಿಲ್ಲ, ಬೋಳಾಗಿತ್ತು.

“ಎಷ್ಟ ಡಾಂಬರಗುಳಿಗಿ ಹಾಕಿದ್ರೂ ಈ ನುಸಿ ಬಿಡವಲ್ತು ನೋಡು” ಎಂದ ಕಲ್ಲಿನಾಥ. ಟ್ರಂಕಿಗೆ ಗುಳಿಗೆ ತಂದು ಹಾಕುವುದನ್ನು ಅವನೊಂದು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದ. ಕಂಬಳಿಗಾದರೂ ಏನೂ ಆಗದಿರಲಿ ಎಂದು.

“ಹೌದ್ರಿ, ಭಾಳ ಶಾಣ್ಯಾ ನುಸಿ ಅದ. ಒಂದೇ ಕಡಿಂದ ತಿಂದಾದ” ಎಂದು ಅವಳು ಕಂಬಳಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಎಂಟರ ಹುಮನಾಬಾದ ಬಸ್ಸು. ಕಂಡಕ್ಟರ್ ಸುಮೇಧ, ಕಲ್ಲಿನಾಥನ ಕೈಕೆಳಗೆ ಕೆಲಸ ಕಲಿತವನು. “ಸರ್, ಕುಂದರ್ರಿ ಕುಂದರ್ರಿ” ಎಂದು ಕಿಟಕಿ ಪಕ್ಕದ ಸೀಟು ಖಾಲಿ ಮಾಡಿಸಿದ. ಭೀಮಬಾಯಿ ಬಾಯಿ ತೆರೆಯುವುದರೊಳಗೆ ಮಷೀನಿನಿಂದ ಅವಳ ಫ್ರೀ ಟಿಕೆಟ್ ಹೊರಗೆ ಬಂತು.

“ಏ ಸುಮೇಧ, ಆಧಾರ್ ಕಾರ್ಡ್ ನೋಡಬೇಕಪ್ಪಾ. ಚೆಕಿಂಗ್‌ನವರು ಬಂದ್ರ ಏನ್ ಹೇಳ್ತಿ?” ಕಲ್ಲಿನಾಥ ಅಭ್ಯಾಸಬಲದಿಂದ ಗದರಿಸಿದ.

“ಅವ್ವಾರ ಕಾರ್ಡ್ ನೋಡಿ ನೋಡಿ ನಂಬರೇ ಬಾಯಿಪಾಠ ಆಗ್ಯಾದ್ರಿ ಸರ್” ಎಂದು ಅವನು ನಕ್ಕು ಹಿಂದಕ್ಕೆ ಹೋದ.

ಅದೂ ನಿಜವೇ. ಹೆಂಗಸರಿಗೆ ಬಸ್ಸು ಫ್ರೀ ಆದಂದಿನಿಂದ ಭೀಮಬಾಯಿ ತಿಂಗಳಿಗೊಮ್ಮೆ ಇದೇ ಬಸ್ಸಿನಲ್ಲಿ ಹುಮನಾಬಾದದ ಹತ್ತಿರದ ಮಾಣಿಕನಗರದ ದೇವಸ್ಥಾನಕ್ಕೆ ದರ್ಶನಕ್ಕೆ ಹೋಗಿ ಬರುತ್ತಿದ್ದಳು. ಆಮೇಲಾಮೇಲೆ ಬರುವಾಗ ಒಂದು ಬಾಟಲಿ ನೀರು ತಂದು, “ಮಾಣಿಕನಗರಕ್ಕ ಹೋಗಿದ್ದೆ, ತಗೋರಿ” ಎಂದು ಕೊಡುತ್ತಿದ್ದಳು. ಕಲ್ಲಿನಾಥ ಅದನ್ನು ಕಣ್ಣಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಇಂಥ ದೈವಭಕ್ತೆಯಾದ ಹೆಂಡತಿಗೆ ತಾನು ಎಂಥ ಸುಳ್ಳು ಹೇಳಿದೆನಲ್ಲ ಎಂದು ಈಗ ಸೀಟಿನಲ್ಲಿ ಕೂತು ಇನ್ನಷ್ಟು ಕುಗ್ಗಿದ.

ಒಂದು ವಿಷಯ ಮಾತ್ರ ರಾತ್ರಿಯೇ ಅವನ ಮನಸ್ಸಿನಲ್ಲಿ ನಿಶ್ಚಯವಾಗಿತ್ತು. ನೀರು ಅವಳ ಕಣ್ಣಿಗೆ ಬೀಳುವ ಮೊದಲು ತಾನೇ ಹೇಳಿಬಿಡಬೇಕು. ಅವಳಾಗಿ ನೋಡಿ ತಿಳಿದರೆ ಮುಗಿಯಿತು, ಮೂವತ್ತೆರಡು ವರ್ಷದ ಸಂಸಾರದಲ್ಲಿ ಇವನ ಒಂದು ಮಾತನ್ನೂ ಅವಳು ಇನ್ನು ನಂಬುವುದಿಲ್ಲ. ಕಂಡಕ್ಟರ್ ಕೆಲಸದಲ್ಲಿ ಒಂದು ನಿಯಮ ಇದೆ. ಹತ್ತಿದವರಿಗೆಲ್ಲ ಮುಂದಿನ ಸ್ಟೇಜು ಬರುವುದರೊಳಗೆ ಟಿಕೆಟ್ ಕೊಟ್ಟು ಮುಗಿಸಬೇಕು. ಬಸ್ಸು ಎಷ್ಟೇ ತುಂಬಿರಲಿ, ಕಲ್ಲಿನಾಥ ಒಂದು ಸ್ಟೇಜನ್ನೂ ತಪ್ಪಿಸಿದವನಲ್ಲ. ಅದೇ ರೀತಿ ಇದನ್ನೂ ಸಸ್ತಾಪುರ ಬಂಗ್ಲಾ ಬರುವುದರೊಳಗೆ ಹೇಳಿ ಮುಗಿಸುವುದು ಎಂದುಕೊಂಡ.

ಬಂಗ್ಲಾ ಬಂತು. ಬಸ್ಸು ಹೈವೇಗೆ ತಿರುಗಿತು. ಅವನು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಸರಿ, ರಾಜೇಶ್ವರದೊಳಗೆ ಹೇಳುವುದು ಎಂದು ಮುಂದಕ್ಕೆ ಹಾಕಿದ. ಕಿಟಕಿಯ ಆಚೆ ಸೋಯಾ ರಾಶಿ ನಡೆದಿತ್ತು, ಮಷೀನಿನ ಧೂಳು ರಸ್ತೆಯವರೆಗೂ ಬರುತ್ತಿತ್ತು. ತೊಗರಿ ಎದೆಮಟ್ಟ ನಿಂತಿತ್ತು. ಭೀಮಬಾಯಿ ಕಿಟಕಿಗೆ ಗಲ್ಲ ಹಚ್ಚಿ, “ಈ ಹೊಲದಾಗ ನಮ್ಮ ಅಪ್ಪನ ಹಿಂಡು ಒಮ್ಮಿ ಮೂರ ರಾತ್ರಿ ಇತ್ರಿ. ಗೊಬ್ಬರಕ್ಕಂತ ಹೊಲದ ಧಣಿ ತಾನೇ ಕರದಿದ್ದ. ಅವರ ಮನಿ ಮಜ್ಜಿಗಿ ಇನ್ನೂ ನಾಲಿಗಿ ಮ್ಯಾಲ ಅದ” ಎಂದಳು. ಇಷ್ಟು ಖುಷಿಯಾಗಿ ಮಾತಾಡುವವಳ ಮುಂದೆ ಆ ಮಾತು ಹೇಗೆ ತೆಗೆಯುವುದು? ರಾಜೇಶ್ವರವೂ ದಾಟಿತು.

“ಸೋನಾಲಿ ಅವ್ವಾ, ಒಂದ ಮಾತ ಹೇಳೂದದ” ಎಂದು ಕೊನೆಗೆ ಬಾಯಿ ಬಿಟ್ಟ.

“ಏನ್ರಿ?”

“ಝರಿ ಕ್ರಾಸ್! ಇಳೀರಿ ಝರಿ ಕ್ರಾಸ್!” ಎಂದು ಸುಮೇಧ ಹಿಂದಿನಿಂದ ಕೂಗಿ ಸೀಟಿ ಊದಿದ. ತಾನು ಕಲಿಸಿದ ವಿದ್ಯೆಯೇ ತನಗೆ ಹೀಗೆ ತಿರುಗಿಬಿತ್ತಲ್ಲ ಎಂದುಕೊಂಡು ಕಲ್ಲಿನಾಥ ಇಳಿದ. ಇಳಿದವನೇ ಬಸ್ಸಿನ ಮೈಗೆ ಎರಡು ಏಟು ಹೊಡೆದು “ರೈಟ್!” ಎಂದುಬಿಟ್ಟ. ಬಸ್ಸು ಹೊರಟೇಹೋಯಿತು. ಇನ್ನು ಗುಡ್ಡವೇ ಗತಿ.

ಕ್ರಾಸಿನ ಬೇವಿನ ಕೆಳಗೆ ಅಕ್ಬರಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನ ಬಸ್ಸಿಗೆ ಎಷ್ಟೋ ವರ್ಷ ಹಣ್ಣು ಮಾರಿದವಳು.

“ಅರೇ, ಕಲ್ಲಿನಾಥ ಸಾಬ್! ಈ ನೆಲಕ್ಕ ಇಳದದ್ದು ಇವತ್ತೇ ನೋಡಿದೆ. ಆರಾಮ ಹೋಗ್ರಿ ಮ್ಯಾಲ. ಈ ಸಲ ಮಳಿ ಜೋರ ಆಗ್ಯಾದ, ನೀರ ಅಂತೂ...”

ಕಲ್ಲಿನಾಥನಿಗೆ ಇಲ್ಲದ ಕೆಮ್ಮು ಬಂತು. ಕೆಮ್ಮುತ್ತಲೇ, “ಹಣ್ಣ ಕೊಡು, ಹಣ್ಣ ಕೊಡು, ದೊಡ್ಡವು ನೋಡಿ ಕೊಡು” ಎಂದು ಬುಟ್ಟಿಗೇ ಕೈ ಹಾಕಿದ. ಶುಗರಿನವನು ಸೀತಾಫಲ ಆರಿಸುವುದನ್ನು ಭೀಮಬಾಯಿ ನೋಡಿದಳು. ತನ್ನ ಚೀಲದಿಂದ ರೊಟ್ಟಿಯ ಒಂದು ಪೊಟ್ಟಣ ತೆಗೆದು ಅಕ್ಬರಿಯ ಮಡಿಲಿಗೆ ಹಾಕಿದಳು. ಅಕ್ಬರಿ ಅದನ್ನು ಬಿಚ್ಚಿ ನೋಡದೆ ಬದಿಗಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೆಂಗಸರ ನಗೆಯ ಅರ್ಥ ಹುಡುಕುವಷ್ಟು ವ್ಯವಧಾನ ಅವನಿಗೆ ಇರಲಿಲ್ಲ.

ದಾರಿ ಮೊದಲು ಹೊಲದ ಬದುವಿನ ಮೇಲೆ, ಆಮೇಲೆ ಕೆಂಪು ಕಲ್ಲುಗಳ ನಡುವೆ. ಎರಡೂ ಕಡೆ ತಂಗಡಿ ಹಳದಿ ಹೂ ಬಿಟ್ಟಿತ್ತು. ಸೀತಾಫಲದ ಗಿಡಗಳ ಕೆಳಗೆ ನವಿಲು ತಿಂದು ಬಿಟ್ಟ ಸಿಪ್ಪೆ ಬಿದ್ದಿತ್ತು. ಭೀಮಬಾಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮುಂದೆ, ಬಿಳಿ ಬೂಟಿನ ಕಲ್ಲಿನಾಥ ಏದುಸಿರು ಬಿಡುತ್ತ ಹಿಂದೆ. ದಾರಿ ಎರಡಾಗಿ ಒಡೆದ ಕಡೆ ಅವಳು ನಿಲ್ಲಲಿಲ್ಲ, ಎಡಕ್ಕೆ ಹೊರಳಿದಳು. ಬಾಲ್ಯದ ದಾರಿ ಕಾಲಿಗೆ ಹೇಗೆ ನೆನಪಿರುತ್ತದೆ ನೋಡು ಎಂದು ಅವನಿಗೆ ಅಚ್ಚರಿಯಾಯಿತು.

ಅವಳು ಹೇಳುತ್ತಲೇ ನಡೆದಳು. ಈ ಬಂಡೆಯ ಮೇಲೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಈ ಕಂಟಿಯಲ್ಲಿ ಒಂದು ಮರಿ ಸಿಕ್ಕಿಬಿದ್ದು ರಾತ್ರಿಯೆಲ್ಲ ಅರಚಿತ್ತು. ಇಲ್ಲಿ ಕೂತರೆ ಹುಮನಾಬಾದದ ದೀಪ ಕಾಣುತ್ತಿದ್ದವು, ಆಗ ಎಣಿಸಬಹುದಾದಷ್ಟೇ ದೀಪ. “ನಾವು ಬಡವರು ಅಂತ ಗೊತ್ತೇ ಇರಲಿಲ್ರಿ. ಇಷ್ಟ ದೊಡ್ಡ ಗುಡ್ಡ ನಮ್ಮದೇ ಅಂತಿದ್ದೆ ನಾ” ಎಂದಳು. ಅವಳ ಮುಖ ನೋಡಿದರೆ ಐವತ್ತೇಳರ ಹೆಂಗಸಿನ ಒಳಗಿಂದ ಆ ಹುಡುಗಿ ಎದ್ದು ಬಂದಂತಿತ್ತು. ಕಲ್ಲಿನಾಥ ಲೆಕ್ಕ ಹಾಕಿದ. ಈ ಮುಖವನ್ನು ತಾನು ಇಪ್ಪತ್ತೆರಡು ವರ್ಷ ನೋಡಲಿಲ್ಲ. ನೋಡಬಹುದಾಗಿತ್ತು, ದಿನಕ್ಕೆ ನಾಲ್ಕು ಸಲ ಕೆಳಗಿಂದ ಹಾದು ಹೋದವನು.

ಆಗ ನೀರಿನ ಸದ್ದು ಕೇಳಿತು.

ಬಹಳ ಸಣ್ಣ ಸದ್ದು. ಮನೆಯ ನಲ್ಲಿ ಸರಿಯಾಗಿ ಬಂದ್ ಮಾಡದೆ ಬಿಟ್ಟರೆ ಬರುತ್ತದಲ್ಲ, ಅಷ್ಟೇ. ಎದುರಿನ ಬಂಡೆ ಬಳಸಿದರೆ ಅದು ಕಣ್ಣಿಗೇ ಬೀಳುತ್ತಿತ್ತು. ಇನ್ನು ಸ್ಟೇಜು ಉಳಿದಿರಲಿಲ್ಲ. ಕಲ್ಲಿನಾಥ ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತ.

“ಭೀಮಾ, ನಿಲ್ಲು. ಮುಂದ ಹೋಗಬ್ಯಾಡ.”

ಅವಳು ತಿರುಗಿ ನಿಂತಳು. ಮೂವತ್ತೆರಡು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಬೆರಳೆಣಿಕೆಯಷ್ಟು ಸಲ.

“ಝರಿ ಬತ್ತಿಲ್ಲ. ಯಾವತ್ತೂ ಬತ್ತಿಲ್ಲ. ಯಾವ ಲಾರಿನೂ ಬಂದಿಲ್ಲ, ಯಾವ ಪ್ಯಾಸೆಂಜರೂ ನನಗ ಹೇಳಿಲ್ಲ. ಅವತ್ತ ನಾ ಎಕ್ಸ್‌ಪ್ರೆಸ್ ಡ್ಯೂಟಿ ತಗೊಂಡಿದ್ದೆ. ನೀ ರೊಟ್ಟಿ ಕಟ್ಟಿದ್ದು ನೋಡಿ ಹೇಳ್ಳಿಕ್ಕ ಧೈರ್ಯ ಆಗಲಿಲ್ಲ, ಸುಳ್ಳ ಹೇಳಿದೆ. ನೀ ತಲಿ ಮ್ಯಾಲ ನೀರ ಹಾಕ್ಕೊಂಡ್ಯಲ್ಲ, ಅದ ನೋಡಿದ ಮ್ಯಾಲ ಇನ್ನೂ ಹೆದರಿದೆ. ನಾಳಿ ಹೇಳ್ತೀನಿ ನಾಳಿ ಹೇಳ್ತೀನಿ ಅಂತ ಇಷ್ಟ ವರ್ಷ ಆಯ್ತು. ನಾ ಭಾಳ ಕೆಟ್ಟ ಕೆಲಸ ಮಾಡೀನಿ.”

ಹೇಳಿ ಮುಗಿಸುವುದರೊಳಗೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಭೀಮಬಾಯಿ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

“ಏಳ್ರಿ. ಮೊದಲ ನೀರ ಕುಡೀರಿ” ಎಂದಳು.

ಬಂಡೆ ಬಳಸಿ ಅವಳ ಹಿಂದೆ ಹೋದ. ಕೆಂಪು ಕಲ್ಲಿನ ಬಿರುಕಿನಿಂದ ಬೆರಳು ಗಾತ್ರದ ನೀರು, ಕೆಳಗೆ ಒಂದು ಬುಟ್ಟಿಯಷ್ಟಗಲದ ಕುಳಿ, ಅದರ ಅಂಚಿಗೆ ಬೇರು ಬಿಟ್ಟುಕೊಂಡು ಅತ್ತಿ ಮರ. ತಾನು ಒಂದೇ ಮಾತಿನಲ್ಲಿ ಕಡಿದು ಹಾಕಿದ್ದ ಮರ ತುಂಬಾ ಕಾಯಿ ಹೊತ್ತು ನಿಂತಿತ್ತು. ಬೊಗಸೆ ಒಡ್ಡಿ ಕುಡಿದ. ಕುಡಿಯುತ್ತಲೇ ಅವನ ಕೈ ನಿಂತಿತು. ಈ ರುಚಿ ಅವನಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಕಣ್ಣಿಗೆ ಒತ್ತಿಕೊಂಡು ಕುಡಿದ ನೀರು ಇದೇ.

ತಲೆ ಎತ್ತಿದ. ಎದುರಿಗೆ ಕೈಗೆಟಕುವ ಟೊಂಗೆಯ ತುಂಬಾ ಕರಿ ಉಣ್ಣೆಯ ಎಳೆಗಳು ಕಟ್ಟಿದ್ದವು. ಕಾಂಡದ ಹತ್ತಿರ ಐದು ಎಳೆ ಬಿಡಿಬಿಡಿಯಾಗಿ, ಒಂದೊಂದೇ. ಅಲ್ಲಿಂದ ಆಚೆ, ತುದಿಯವರೆಗೆ, ಎಲ್ಲ ಜೋಡಿ ಜೋಡಿ. ಬೋಳಾದ ಕಂಬಳಿಯ ಅಂಚು, ತಾನು ತಂದು ಸುರಿದ ಡಾಂಬರಗುಳಿಗೆಗಳು, ಆ ಶಾಣ್ಯಾ ನುಸಿ, ಎಲ್ಲ ಒಟ್ಟಿಗೆ ಅವನಿಗೆ ಅರ್ಥವಾಯಿತು.

“ಯಾವಾಗಿಂದ?” ಎಂದು ಕೇಳಿದ.

“ಬಸ್ ಫ್ರೀ ಆದ ವರ್ಷದ ಶ್ರಾವಣದಿಂದ. ಅದಕ್ಕ ಮೊದಲ ಎಲ್ಲಿಗಾದ್ರೂ ಹೋಗಬೇಕಂದ್ರ ನಿಮ್ಮನ್ನೇ ಕೇಳಬೇಕಿತ್ತು.” ಭೀಮಬಾಯಿ ಕುಳಿಯ ಪಕ್ಕ ಕೂತು ಕಾಲು ನೀಡಿದಳು. “ಸತ್ತವರ ಸಮಾಧಿ ನೋಡ್ಲಿಕ್ಕ ಹೋಗ್ತಾರಲ್ರಿ, ಹಂಗ ಬಂದಿದ್ದೆ. ನೀರಿನ ಸಪ್ಪಳ ಕೇಳಿ ಮೊದಲ ಖುಷಿ ಆಯ್ತು, ಕುಣದೇ ಬಿಟ್ಟೆ. ಆಮ್ಯಾಲ ನಿಮ್ಮ ನೆನಪಾಯ್ತು. ಸಿಟ್ಟ ಅಂದ್ರ ಅಂಥಾ ಸಿಟ್ಟ. ಮನಿಗಿ ಹೋಗಿ ನಿಮ್ಮ ತಲಿ ಮ್ಯಾಲ ಕೊಡ ಒಡೀಬೇಕಂತ ಬಸ್ಸಿನ್ಯಾಗ ಕುಂತು ಹಲ್ಲ ಕಡಕೋತ ಬಂದೆ. ಮನ್ಯಾಗ ನೋಡಿದ್ರ ನೀವು ಬಕೀಟಿನ ಬಿಸಿನೀರಾಗ ಕಾಲ ಇಟ್ಕೊಂಡು, ಖಾಕಿ ಮ್ಯಾಲೇ, ಬಾಯಿ ತಕ್ಕೊಂಡು ಮಲಗಿದ್ರಿ. ಎಬ್ಬಿಸಿ ಜಗಳ ತಗೀಲಿಕ್ಕ ಮನಸ ಆಗಲಿಲ್ಲ. ನಾಳಿ ಕೇಳಮು ಅಂದೆ. ನಿಮಗ ಹ್ಯಾಂಗ ನಾಳಿ ನಾಳಿ ಆಯ್ತೋ ನನಗೂ ಹಂಗೇ ಆಯ್ತು.”

“ಮತ್ತ ಮಾಣಿಕನಗರ ಅಂತ...”

“ಅಲ್ಲಿಗೂ ಹೋಗ್ತಿದ್ದೆ, ಇಲ್ಲಿಂದ ಅದೇನ ದೂರ? ನೀರ ಅಲ್ಲಿಂದು ಅಂತ ನಾ ಅಂದಿಲ್ಲ. ಮಾಣಿಕನಗರಕ್ಕ ಹೋಗಿದ್ದೆ, ತಗೋರಿ ಅಂದೀನಿ. ಕಣ್ಣಿಗಿ ಒತ್ತಿಕೊಂಡವರು ನೀವು.”

ಕಲ್ಲಿನಾಥ ಎದ್ದು ಹೋಗಿ ಕಾಂಡದ ಹತ್ತಿರದ ಒಂಟಿ ಎಳೆಗಳನ್ನು ಬೆರಳಿನಿಂದ ಮುಟ್ಟಿದ.

“ಇವು ಯಾಕ ಒಂದೊಂದೇ ಅವ?”

“ಆವಾಗ ನಾ ಒಬ್ಬಾಕಿನೇ ಕುಡಿತಿದ್ದೆ. ನಿಮಗ ತಂದು ಕೊಡಬಾರದಂತ ಐದ ತಿಂಗಳ ಜಿದ್ದ ಹಿಡದಿದ್ದೆ.” ಅವಳು ನೀರಿನಲ್ಲಿ ಕೈ ಆಡಿಸಿದಳು. “ಆಮ್ಯಾಲ ನಿಮಗ ಡೆಂಗ್ಯೂ ಆಯ್ತು ನೋಡ್ರಿ. ಬೀದರ ದವಾಖಾನ್ಯಾಗ ಮಲಗಿದ್ರಿ. ಬಾಯಿಗಿ ಏನ ಹಾಕಿದ್ರೂ ಕಹಿ ಅಂತಿದ್ರಿ, ನೀರೂ ಕಹಿ. ಮಗಳನ್ನ ಕೂಡಿಸಿ ನಾ ಇಲ್ಲಿಗಿ ಬಂದು ಬಾಟ್ಲಿ ತುಂಬಿಸಿಕೊಂಡ ಹೋದೆ. ಕುಡದು, ಸಿಹಿ ಅದ ಅಂದ್ರಿ. ಮುಂದಿನ ಸಲ ಬಂದಾಗ ಎರಡ ಕಟ್ಟಿದೆ. ನೀವೂ ಕುಡದೀರಿ ಅಂದಮ್ಯಾಲ ಕಟ್ಟಬೇಕಲ್ಲ. ನಮ್ಮ ಜಗಳ ನಮ್ಮದು. ನೀರಿಗಿ ನಾ ಸುಳ್ಳ ಹೇಳಂಗಿಲ್ಲ.”

ಗಾಳಿಗೆ ಅತ್ತಿಯ ಒಂದೆರಡು ಕಾಯಿ ಕುಳಿಯೊಳಗೆ ಬಿದ್ದವು. ಕಲ್ಲಿನಾಥ ಆ ಜೋಡಿ ಎಳೆಗಳನ್ನು ತುದಿಯವರೆಗೂ ಎಣಿಸಿದ. ಎರಡು ವರ್ಷ, ತಿಂಗಳು ತಿಂಗಳೂ, ಕಾಲಿಡದೆಯೇ ತಾನು ಇಲ್ಲಿಗೆ ಬಂದು ಹೋಗಿದ್ದೇನೆ ಎಂದು ಅವನಿಗೆ ಅನ್ನಿಸಿತು. ಕರೆದುಕೊಂಡು ಬಂದವಳು ಹೇಳಲೇ ಇಲ್ಲ.

“ಗೊತ್ತಿದ್ದೂ ಇವತ್ತ ಯಾಕ ಕರ್ಕೊಂಡ ಬಂದಿ?”

“ನೀವಾಗಿ ಹೇಳ್ತೀರೇನಂತ. ರಿಟೈರ್ ಆದಮ್ಯಾಲ ಹೇಳ್ತೀರಿ ಅನಕೊಂಡೆ. ಹೇಳಲಿಲ್ಲ. ಬಸ್ಸಿನ್ಯಾಗ ಹೇಳ್ತೀರಿ ಅನಕೊಂಡೆ, ಬಂಗ್ಲಾ ಹೋಯ್ತು, ರಾಜೇಶ್ವರ ಹೋಯ್ತು. ಮಾರಿ ನೋಡಿದ್ರ ಹೊಟ್ಟಿ ನೋಯಾಕತ್ತದೇನೋ ಅನ್ನಂಗ ಮಾಡ್ಕೊಂಡ ಕುಂತಿದ್ರಿ. ನಗು ತಡಕೊಳ್ಳೂದು ನನಗ ಸಾಕಾಗಿ ಹೋಯ್ತು.”

“ಹೇಳದೇ ಇದ್ರ?”

ಭೀಮಬಾಯಿಯ ಮುಖದಲ್ಲಿ ಈಗ ನಗು ಇರಲಿಲ್ಲ. “ಹೇಳದಿದ್ರ ಇವತ್ತ ಒಂದೇ ಎಳಿ ಕಟ್ಟತಿದ್ದೆ. ಮುಂದನೂ ಒಂದೇ” ಎಂದಳು.

ಅವಳು ಚೀಲದಿಂದ ತಂದೆಯ ಕಂಬಳಿ ತೆಗೆದು ಮಡಿಲಲ್ಲಿ ಹಾಸಿಕೊಂಡಳು. ಬೋಳಾಗದ ಬದಿಯಿಂದ ಮೊದಲ ಸಲ ಎಳೆ ಕಿತ್ತಳು. ಒಂದನ್ನು ತಾನು ಎದ್ದು ಟೊಂಗೆಯ ತುದಿಗೆ ಕಟ್ಟಿದಳು. ಇನ್ನೊಂದನ್ನು ಅವನ ಅಂಗೈಯಲ್ಲಿ ಇಟ್ಟಳು.

“ತಗೋರಿ. ಇವತ್ತ ನಿಮ್ಮದು ನೀವು ಕಟ್ಟರಿ.”

ಕಲ್ಲಿನಾಥ ಕಟ್ಟಿದ. ಲಕ್ಷಗಟ್ಟಲೆ ಟಿಕೆಟ್ ಹರಿದ ಬೆರಳುಗಳು ಒಂದು ಗಂಟು ಹಾಕಲು ಮೂರು ಸಲ ತಪ್ಪಿದವು. ನಾಲ್ಕನೇ ಸಲ ಗಂಟು ನಿಂತಿತು. ನಿಂತ ಗಂಟನ್ನು ಎಳೆದು ನೋಡಿದ, ಗಟ್ಟಿಯಿತ್ತು. ಆಮೇಲೆ ಅವನಿಗೆ ಏನನ್ನಿಸಿತೋ, ಕಂಬಳಿಯ ಕಡೆ ಬಾಗಿ ತಾನೇ ಇನ್ನೊಂದು ಎಳೆ ಕಿತ್ತು, ಕಾಂಡದ ಹತ್ತಿರದ ಆ ಐದು ಒಂಟಿ ಎಳೆಗಳತ್ತ ಹೋದ.

“ಇವಕ್ಕೂ ಒಂದೊಂದು ನಂದು ಕಟ್ಟಿಬಿಡ್ತೀನಿ.”

“ಬ್ಯಾಡ್ರಿ” ಎಂದಳು ಭೀಮಬಾಯಿ. ದನಿಯಲ್ಲಿ ಸಿಟ್ಟು ಇರಲಿಲ್ಲ. “ಅವು ಹಂಗೇ ಇರಲಿ. ಆವಾಗ ನಾ ಒಬ್ಬಾಕಿನೇ ಬಂದಿದ್ದೆ.”

ಕಲ್ಲಿನಾಥ ಕೈಯಲ್ಲಿದ್ದ ಎಳೆಯನ್ನು ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಬಂದು ಅವಳ ಪಕ್ಕದಲ್ಲಿ ಕೂತ. ಅವಳು ರೊಟ್ಟಿಯ ಗಂಟು ಬಿಚ್ಚಿದಳು.